ಮೈಕು ಹಾಡಿಗೆ ಬಂದ ದಾರಿ

ಮೈಸೂರು ಜಿಲ್ಲೆಯ ಸರಗೂರಿನ ಸಮುದಾಯ ಬಾನುಲಿ ‘ಜನಧ್ವನಿ’ 90.8 ಮೆಗಾಹರ್ಟ್ಸ್‌ನಲ್ಲಿ ಪ್ರಸಾರ ಶುರುಮಾಡಿದ್ದು 2012ರಲ್ಲಿ. ನಡೆಸುತ್ತಿರುವುದು ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್. ಸಮುದಾಯ ಬಾನುಲಿಯ ಕಾರ್ಯಕ್ರಮಗಳಲ್ಲಿ ಅರ್ಧದಷ್ಟಾದರೂ ಊರಿನವರೇ ಸೇರಿ ಮಾಡಿದ್ದಿರಬೇಕು ಎಂಬುದು ನಿಯಮ. ಆದರೆ ಜೇನುಕುರುಬರ ಹಾಡಿಯ ಅಜ್ಜಿಯಾಗಲಿ, ಹತ್ತಿ ಹೊಲದ ರೈತನಾಗಲಿ ಕೆಲಸ ಬಿಟ್ಟು ಸ್ಟುಡಿಯೊಗೆ ಬರುವುದು ಸುಲಭವಲ್ಲ. ಮೈಕೇ ಅವರಿದ್ದಲ್ಲಿಗೆ ಹೋಗಬೇಕು. ಅದನ್ನು ಸಾಧ್ಯವಾಗಿಸಿದ ಸಲಕರಣೆಗಳಲ್ಲಿ ಹೆಗಲಿಗೆ ಹಾಕಿಕೊಳ್ಳುವ ಪುಟ್ಟ ಆಡಿಯೊ ಮಿಕ್ಸರ್ ಒಂದು.

1935ರಲ್ಲಿ ಎಂ.ವಿ. ಗೋಪಾಲಸ್ವಾಮಿ ಮೈಸೂರಿನ ತಮ್ಮ ಮನೆಯಿಂದ ಬಾನುಲಿ ಆರಂಭಿಸಿದಾಗ ಮಾತಾಡುವವರೇ ಮೈಕಿನ ಬಳಿ ಬರಬೇಕಿತ್ತು. 1951ರಲ್ಲಿ ಸ್ಟೀಫನ್ ಕುಡೆಲ್‌ಸ್ಕಿ ಸ್ವಿಟ್ಜರ್ಲೆಂಡಿನಲ್ಲಿ ‘ನಾಗ್ರಾ’ ಎಂಬ, ಹೊತ್ತೊಯ್ಯಬಹುದಾದ ಟೇಪ್ ರೆಕಾರ್ಡರ್ ರೂಪಿಸಿದರು. 1958ರ ಟ್ರಾನ್ಸಿಸ್ಟರ್ ಮಾದರಿ ಸಿನಿಮಾ, ರೇಡಿಯೊದವರಿಗೆಲ್ಲ ಅಚ್ಚುಮೆಚ್ಚಾಯಿತು. ಆದರೆ ನಾಲ್ಕು ಜನ ಮಾತಾಡುವಲ್ಲಿ ಒಂದು ಮೈಕು ಸಾಲದು. ಹಲವು ಮೈಕುಗಳ ದನಿಯನ್ನು ಹದವಾಗಿ ಬೆರೆಸಲು 1960ರ ದಶಕದಲ್ಲಿ ಅಮೆರಿಕದ ಶೂರ್ ಕಂಪನಿಯ ‘ಎಂ67’ನಂಥ ಚಿಕ್ಕ ಮಿಕ್ಸರ್‌ಗಳು ಬಂದವು.

ಈ ಪೆಟ್ಟಿಗೆಯ ಒಂದೊಂದು ಗುಂಡಿಯೂ ಬಯಲಿನ ಒಂದೊಂದು ತೊಡಕಿಗೆ ಕಂಡುಕೊಂಡ ಪರಿಹಾರ. ಅಜ್ಜಿಯದು ಮೆಲುದನಿ, ಪ್ರಶ್ನೆ ಕೇಳುವವರದು ಏರುದನಿ. ಹಾಗಾಗಿ ಪ್ರತಿ ಮೈಕಿಗೂ ದನಿಯ ಮಟ್ಟ ಏರಿಳಿಸುವ ಬೇರೆ ಬೇರೆ ಗೇನ್ ಗುಂಡಿ. ಕಬಿನಿ ಕಡೆಯಿಂದ ಗಾಳಿ ಬೀಸಿದರೆ ಮೈಕಿನಲ್ಲಿ ಗುಡುಗಿದಂತಾಗುತ್ತದೆ. ಲೋ ಕಟ್ ಗುಂಡಿ ಒತ್ತಿದರೆ ಸುಮಾರು 80 ಹರ್ಟ್ಸ್‌ಗಿಂತ ಕೆಳಗಿನ ಆ ಗುಡುಗು ತಗ್ಗುತ್ತದೆ, ಮಾತು ಉಳಿಯುತ್ತದೆ. ತಮಟೆಗೆ ಏಟು ಬಿದ್ದಾಗ ದನಿ ಒಡೆಯದಂತೆ ಲಿಮಿಟರ್ ಹಿಡಿಯುತ್ತದೆ. ಮಿಕ್ಸರ್ ಮತ್ತು ರೆಕಾರ್ಡರ್‌ಗಳ ಮಟ್ಟ ಒಂದಕ್ಕೊಂದು ತಾಳೆಯಾಗಿದೆಯೇ ಎಂದು ನೋಡಲು ಒಂದು ಸಾವಿರ ಹರ್ಟ್ಸ್‌ನ ಟೋನ್ ಇದೆ.

ಕಂಡೆನ್ಸರ್ ಮೈಕಿಗೆ ವಿದ್ಯುತ್ ಬೇಕು. ನಾರ್ವೆಯ ಬಾನುಲಿ ಸ್ಟುಡಿಯೊಗಳಲ್ಲಿ ತುರ್ತು ದೀಪಗಳಿಗೆಂದು 48 ವೋಲ್ಟ್ ಮೊದಲೇ ಇತ್ತು. 1966ರಲ್ಲಿ ಜರ್ಮನಿಯ ನಾಯ್ಮನ್ ಕಂಪನಿ ಅದನ್ನೇ ಬಳಸಿ, ದನಿಯ ತಂತಿಯಲ್ಲೇ ಮೈಕಿಗೆ ವಿದ್ಯುತ್ ಹರಿಸಿತು. ಇಂದಿನ ಪುಟ್ಟ ಮಿಕ್ಸರ್ ಸಣ್ಣ ಬ್ಯಾಟರಿಯಿಂದಲೇ ಆ 48 ವೋಲ್ಟ್ ಹುಟ್ಟಿಸುತ್ತದೆ. ಕರೆಂಟಿಲ್ಲದ ಹಾಡಿಯಲ್ಲೂ ಸ್ಟುಡಿಯೊ ದರ್ಜೆಯ ಮೈಕು ಕೆಲಸ ಮಾಡುವುದು ಹೀಗೆ.

ಮುಂದೆ ಮಿಕ್ಸರ್, ರೆಕಾರ್ಡರ್ ಎರಡೂ ಒಂದೇ ಪೆಟ್ಟಿಗೆಗೆ ಬಂದವು. 2019ರಲ್ಲಿ ಸೌಂಡ್ ಡಿವೈಸಸ್ ಕಂಪನಿಯ ‘ಮಿಕ್ಸ್‌ಪ್ರಿ’ ಎರಡನೇ ಪೀಳಿಗೆ ತಂದ 32 ಬಿಟ್ ಫ್ಲೋಟ್ ಧ್ವನಿಮುದ್ರಣದಲ್ಲಿ, ಮಟ್ಟ ಮೀರಿದ ದನಿಯನ್ನೂ ಆಮೇಲೆ ಸರಿಪಡಿಸಿಕೊಳ್ಳಬಹುದು. ಆದರೆ ದೂರ ಇಟ್ಟ ಮೈಕನ್ನು ಯಾವ ಯಂತ್ರವೂ ಆಮೇಲೆ ಹತ್ತಿರಕ್ಕೆ ತರಲಾರದು. ಹೆಡ್‌ಫೋನ್ ಹಾಕಿಕೊಂಡ ಕಿವಿ ಈಗಲೂ ಬೇಕು.

ಬಾನುಲಿ ತರಂಗಗಳು ಸಾರ್ವಜನಿಕರ ಸ್ವತ್ತು ಎಂದು ಸುಪ್ರೀಂ ಕೋರ್ಟ್ 1995ರಲ್ಲಿ ಹೇಳಿತು. ಸ್ವಯಂಸೇವಾ ಸಂಸ್ಥೆಗಳಿಗೆ ಸಮುದಾಯ ಬಾನುಲಿಯ ಬಾಗಿಲು ತೆರೆದದ್ದು 2006ರಲ್ಲಿ. ಆ ಹಕ್ಕು ಕಾಡಂಚಿನ ಮನೆಯಂಗಳ ಮುಟ್ಟಬೇಕಾದರೆ ಟ್ರಾನ್ಸ್‌ಮಿಟರ್ ಒಂದೇ ಸಾಲದು. ಸಮುದಾಯ ಬಾನುಲಿಗೆ ನೆರವಾಗುವವರು ಒಂದು ಒಳ್ಳೆಯ ಮಿಕ್ಸರ್‌ಗೂ, ಅದನ್ನು ಬಳಸಬಲ್ಲ ಊರಿನ ಹುಡುಗ ಹುಡುಗಿಯರ ತರಬೇತಿಗೂ ಹಣ ತೆಗೆದಿಡಲಿ.