ಕೋವಿಯ ಹೊಟ್ಟೆ ನೋಡಿ ಬೆಲೆ ಕಟ್ಟಿ

ಕೆಲಮಂಗಲದ ಆಚೆ ಒಂದು ತೋಟದ ಮನೆಯಲ್ಲಿ ಹಳೇ ಜೋಡುನಳಿಗೆ ಕೋವಿ ಮಾರಾಟಕ್ಕಿದೆ ಅಂತ ಆನೇಕಲ್ಲಿನ ಗೆಳೆಯನಿಗೆ ಸುದ್ದಿ ಬಂತು. ಲೈಸೆನ್ಸು ಅವನದು, ದುಡ್ಡೂ ಅವನದು. ನೋಡಿ ಹೇಳುವ ಕೆಲಸ ಮಾತ್ರ ನನ್ನದು. ಯಜಮಾನರು ಬೀರುವಿನಿಂದ ತೆಗೆದು ಹಳೇ ಪಂಚೆಯ ಸುತ್ತು ಬಿಚ್ಚಿದರು. ಮೊದಲು ಬೆರಳಿಟ್ಟದ್ದು ಎರಡು ನಳಿಗೆಗಳ ನಡುವಿನ ಪಟ್ಟಿಯ ಮೇಲೆ. ಪಿ. ಓರ್ ಅಂಡ್ ಸನ್ಸ್, ಮದರಾಸು.

‘ಮದರಾಸಲ್ಲೇ ಮಾಡಿದ್ದು. ಬಿಳೀ ದೊರೆಗಳ ಕಾಲದ್ದು ಸ್ವಾಮಿ.’

ಕಾಲ ಸರಿ, ಊರು ತಪ್ಪು. ಮೌಂಟ್ ರೋಡಿನ ಆ ಅಂಗಡಿ ಹೆಸರಾದದ್ದು ಗಡಿಯಾರ, ಬೆಳ್ಳಿ ಸಾಮಾನಿಗೆ. ಮದರಾಸು, ಕಲ್ಕತ್ತೆಗಳ ಇಂಥ ಎಷ್ಟೋ ಅಂಗಡಿಗಳು ಬರ್ಮಿಂಗ್‌ಹ್ಯಾಮಿನ ಕಮ್ಮಾರಸಾಲೆಗಳಿಂದ ಕೋವಿ ತರಿಸಿ ತಮ್ಮ ಹೆಸರು ಕೆತ್ತಿಸಿ ಮಾರುತ್ತಿದ್ದವು. ಪಟ್ಟಿಯ ಮೇಲಿನ ಹೆಸರು ಅಂಗಡಿಯ ಬೋರ್ಡಿದ್ದ ಹಾಗೆ. ಜಾತಕ ಇರುವುದು ಹೊಟ್ಟೆಯಲ್ಲಿ.

ಈ ಸೀಮೆಯಲ್ಲಿ ಕೋವಿ ಕಂಡರೆ ಯಾರೂ ಹುಬ್ಬೇರಿಸುವುದಿಲ್ಲ. ತೇಜಸ್ವಿ ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್ ತಿರುಗಾಡಿದ ಕಾಡು ಇದು: ಜವಳಗಿರಿ, ದೆಂಕಣಿಕೋಟೆ, ಅಂಚೆಟ್ಟಿ. 1972ರ ವನ್ಯಜೀವಿ ಕಾಯ್ದೆ ಬಂದು ಬೇಟೆ ನಿಂತಿತು. ರಾಗಿ ತೆನೆ ಕಟ್ಟುವ ಹೊತ್ತಿಗೆ ಬನ್ನೇರುಘಟ್ಟದ ಕಡೆಯಿಂದ ಆನೆ ಇಳಿಯುವುದು ನಿಂತಿಲ್ಲ. ಹೊರದೇಶದ ಕೋವಿ ಖಾಸಗಿಯಾಗಿ ತರಿಸುವ ದಾರಿ ಮುಚ್ಚಿ ದಶಕಗಳಾದ್ದರಿಂದ ಬೀರುವಿನೊಳಗಿನ ವಿಲಾಯಿತಿ ಕೋವಿಗೆ ಬೇಡಿಕೆ ಏರುತ್ತಲೇ ಇದೆ. ಬೇಡಿಕೆ ಏರಿದಲ್ಲಿ ಬಣ್ಣ ಹೊಡೆಯುವವರೂ ಇರುತ್ತಾರೆ. ಕೆತ್ತಿದ ಅಕ್ಷರದ ಅಂಚು ಸವೆದು ಮೊಂಡಾಗಿದ್ದು, ಉಕ್ಕು ಮಾತ್ರ ಮದುವೆಗಂಡಿನಂತೆ ಹೊಳೆಯುತ್ತಿದ್ದರೆ ನನಗೆ ಅನುಮಾನ.

ಗುಂಡಿಲ್ಲ ಅನ್ನುವುದನ್ನು ಮಡಿಸಿ ಖಾತ್ರಿ ಮಾಡಿಕೊಂಡೆ. ಎಡಗೈ ಹಿಡಿಯುವ ಮುಂಭಾಗದ ಮರ ಬಿಚ್ಚಿ, ನಳಿಗೆ ಕಳಚಿ ಮಗುಚಿದೆ. ಬುಡದಲ್ಲಿ ಸಾಸಿವೆಯಷ್ಟು ಸಣ್ಣ ಮುದ್ರೆಗಳು. ಬರ್ಮಿಂಗ್‌ಹ್ಯಾಮಿನಲ್ಲಿ 1813ರಿಂದ ಕೋವಿ ಪರೀಕ್ಷಿಸುವ ಮನೆಯೊಂದಿದೆ. ಹೆಚ್ಚು ಮದ್ದು ತುಂಬಿ ಹೊಡೆದು, ಸಿಡಿಯದೆ ಉಳಿದ ನಳಿಗೆಗೆ ಮುದ್ರೆ ಒತ್ತುತ್ತಾರೆ. ಕಿರೀಟದ ಕೆಳಗೆ ‘ಎನ್‌ಪಿ’ ಇದ್ದರೆ ಹೊಗೆಯಿಲ್ಲದ ಮದ್ದಿಗೆ ಪರೀಕ್ಷೆಯಾದದ್ದು. ಇಲ್ಲದಿದ್ದರೆ ಕರಿಮದ್ದಿನ ಕಾಲದ ಕೋವಿ ಎಂದೇ ತಿಳಿದು, ಇವತ್ತಿನ ತೋಟಾ ಹತ್ತಿರ ತರಬಾರದು. ಇದರಲ್ಲಿ ಎನ್‌ಪಿ ಇತ್ತು. ಪಕ್ಕದಲ್ಲಿ ಎರಡೂವರೆ ಇಂಚು ಅಂತಲೂ ಇತ್ತು.

ಜನ ಎಡವುವುದು ಈ ಎರಡೂವರೆಯಲ್ಲಿ. ಈಗ ಸಾಮಾನ್ಯವಾಗಿ ಸಿಗುವ ತೋಟಾ 70 ಮಿಲಿಮೀಟರ್, ಅಂದರೆ ಎರಡೂಮುಕ್ಕಾಲು. ಆದರೂ ಹಳೇ ಕೋವಿಯಲ್ಲಿ ಸಲೀಸಾಗಿ ಕೂರುತ್ತದೆ. ಯಾಕೆಂದರೆ ಆ ಅಳತೆ ಹೊಡೆದ ಮೇಲಿನದು. ಬಾಯಿ ಮಡಿಸಿದ ತೋಟಾ ಗಿಡ್ಡ. ಹೊಡೆದಾಗ ಮಡಿಕೆ ಬಿಚ್ಚಿಕೊಂಡು ಮುಂದಿನ ಇಕ್ಕಟ್ಟಿಗೆ ಚಾಚುತ್ತದೆ, ಒತ್ತಡ ಏರುತ್ತದೆ. ‘ಕೂತಿತಲ್ಲ, ಇನ್ನೇನು’ ಅನ್ನುವ ಮಾತು ಕೋವಿಯ ವಿಷಯದಲ್ಲಿ ನಂಬಬೇಡಿ.

ನಳಿಗೆಯನ್ನು ಕೊಕ್ಕೆಯಿಂದ ಬೆರಳಿಗೆ ತೂಗುಹಾಕಿ ಉಗುರಿನಲ್ಲಿ ತಟ್ಟಿದೆ. ಗಂಟೆಯಂತೆ ಗುಂಯ್‌ಗುಟ್ಟಿತು, ಬೆಸುಗೆ ಬಿಟ್ಟಿದ್ದರೆ ಒಡಕು ಮಡಕೆಯ ಸದ್ದು. ಬಾಯಿಯ ಕಡೆ ಎರಡೂ ನಳಿಗೆ ಒಂದಕ್ಕೊಂದು ತಾಗಿದ್ದವು, ಯಾರೂ ಗರಗಸ ಹಾಕಿಲ್ಲ. ಮರ ಕೂಡಿಸದೆ ನಳಿಗೆ ಜೋಡಿಸಿ ಮುಚ್ಚಿ ಅಲ್ಲಾಡಿಸಿದೆ, ಕೀಲು ಬಿಗಿಯಾಗಿತ್ತು. ಯಜಮಾನರು ಖಾಲಿ ಕೋವಿಯ ಟ್ರಿಗರ್ ಟಕ್ ಅನ್ನಿಸಲು ಹೊರಟರು, ಬೇಡವೆಂದೆ. ಹಳೇ ಸೂಜಿ ಹಾಗೇ ಮುರಿಯುತ್ತದೆ.

ಗೆಳೆಯನ ಕೈ ಆಗಲೇ ಜೇಬಿಗೆ ಹೋಗಿತ್ತು. ಅವನಿಗೆ ಕಾನೂನು ನೆನಪಿಸಿದೆ: ಮಾರುವವನು ಕೊಳ್ಳುವವನ ಹೆಸರು, ವಿಳಾಸ ಬರೆದು ಜಿಲ್ಲಾಧಿಕಾರಿಗೋ ಠಾಣೆಗೋ ತಿಳಿಸಿ 45 ದಿನ ಕಾಯಬೇಕು. ಕೋವಿಯ ಮೇಲಿನ ನಂಬರು ಲೈಸೆನ್ಸ್ ಪುಸ್ತಕದ ನಂಬರಿಗೆ ತಾಳೆಯಾಗಬೇಕು. 2019ರ ತಿದ್ದುಪಡಿಯ ನಂತರ ಒಬ್ಬನ ಬಳಿ ಇರಬಹುದಾದದ್ದು ಎರಡೇ; ಇವನ ಹತ್ತಿರ ಒಂದಿದೆ. ಅದೂ ಅಲ್ಲದೆ ಆನೇಕಲ್ಲು ಕಣ್ಣಳತೆ ದೂರವಾದರೂ ಬೇರೆ ರಾಜ್ಯ. ಲೈಸೆನ್ಸು ಎಲ್ಲಿಯವರೆಗೆ ನಡೆಯುತ್ತದೆ ಅಂತ ಓದಿಕೊಂಡಿರಬೇಕು.

ಕೊನೆಗೆ ನಳಿಗೆಯನ್ನು ಕಿಟಕಿಗೆ ಹಿಡಿದೆ. ಎಡಗಡೆಯದು ಕನ್ನಡಿ. ಬಲಗಡೆಯದರಲ್ಲಿ, ಬಾಯಿಂದ ಗೇಣು ಒಳಗೆ, ಬಳೆಯಂಥ ಕಪ್ಪು ನೆರಳು. ಹೊರಗಿನಿಂದ ಬೆರಳು ಸವರಿದರೆ ತುಸುವೇ ಉಬ್ಬು.

‘ಇದರೊಳಗೆ ಎಂದಾದರೂ ಏನಾದರೂ ಸಿಕ್ಕಿಕೊಂಡಿತ್ತಾ?’

ಯಜಮಾನರು ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ನಮ್ಮಪ್ಪ ಒಂದ್ಸಲ ಬದುವಿನ ಮೇಲೆ ಜಾರಿ ಬಿದ್ದಿದ್ದ. ಕೆಸರು ಹೊಕ್ಕಿತ್ತೇನೋ, ನೋಡದೆ ಹೊಡೆದ ಅಂತಿದ್ದಳು ಅಮ್ಮ.’ ನಳಿಗೆಯನ್ನು ನನ್ನ ಕೈಯಿಂದ ತಗೊಂಡು ಕಿಟಕಿಗೆ ಹಿಡಿದರು. ‘ಐತೆ ಕಣಯ್ಯ. ಬಳೆ ಐತೆ.’ ಆಮೇಲೆ ಬೆಲೆಯ ಮಾತು ಅವರೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ. ಕಾಫಿ ಬರುವಷ್ಟರಲ್ಲಿ ಕೋವಿ ಪಂಚೆಯೊಳಗೆ ಸೇರಿತ್ತು.