ಕೊಯ್ಲಿಗೆ ಮುಂಚೆ ಬ್ರೇಕಿನ ಕ್ಯಾಲಿಪರ್ ಬಿಚ್ಚಿ ನೋಡಿ



ಮಳೆ ಹಿಂದಾದೊಡನೆ ನಾವು ಕಣ ಸಾರಿಸುತ್ತೇವೆ, ಪಲ್ಪರಿಗೆ ಎಣ್ಣೆ ಬಿಡುತ್ತೇವೆ, ದೋಟಿ ಸರಿಪಡಿಸುತ್ತೇವೆ. ಆದರೆ ನಾಲ್ಕು ತಿಂಗಳು ಕೆಸರಿನಲ್ಲಿ ಓಡಾಡಿದ ಜೀಪಿನ ಚಕ್ರದೊಳಗೆ ಇಣುಕಿ ನೋಡುವವರು ವಿರಳ.

ನಮ್ಮ ಜೀಪು, ಪಿಕಪ್‌ಗಳಲ್ಲಿ ಹೆಚ್ಚಿನವಕ್ಕೆ ಮುಂದಿನ ಚಕ್ರಗಳಲ್ಲಿ ಡಿಸ್ಕ್ ಬ್ರೇಕ್ ಇರುತ್ತದೆ. ತಿರುಗುವ ತಟ್ಟೆಯನ್ನು ಎರಡು ಪ್ಯಾಡುಗಳ ನಡುವೆ ಇಕ್ಕಳದಂತೆ ಹಿಡಿಯುವ ಭಾಗವೇ ಕ್ಯಾಲಿಪರ್. ಇದು ಎರಡು ಪಿನ್ನುಗಳ ಮೇಲೆ ಸರಿದಾಡಬೇಕು. ಕೆಸರು ನೀರು ನುಗ್ಗಿ ಪಿನ್ನು ತುಕ್ಕು ಹಿಡಿದರೆ ಕ್ಯಾಲಿಪರ್ ಕಚ್ಚಿಕೊಳ್ಳುತ್ತದೆ. ಬ್ರೇಕ್ ಒತ್ತಿದಾಗ ಗಾಡಿ ಒಂದು ಪಕ್ಕಕ್ಕೆ ಎಳೆಯುವುದು, ಒಂದೇ ಚಕ್ರ ಕಾಯುವುದು, ಸುಟ್ಟ ವಾಸನೆ ಬರುವುದು ಇದರ ಲಕ್ಷಣಗಳು.

ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಹಿಂದಿನ ಚಕ್ರಗಳಿಗೆ ಅಡೆ ಕೊಡಿ. ಚಕ್ರದ ನಟ್ಟುಗಳನ್ನು ನೆಲದ ಮೇಲಿರುವಾಗಲೇ ಸಡಿಲಿಸಿ, ಅನಂತರ ಜಾಕ್ ಏರಿಸಿ. ಗಾಡಿಯ ಭಾರ ಕಬ್ಬಿಣದ ಸ್ಟ್ಯಾಂಡಿನ ಮೇಲಿರಬೇಕು. ಜಾಕ್ ಒಂದನ್ನೇ ನಂಬಬಾರದು, ಮುರಕಲ್ಲಿನ ಅಟ್ಟಿಯಂತೂ ಕೂಡದು. ಕ್ಯಾಲಿಪರಿನ ಹಿಂಬದಿಯ ಎರಡು ಬೋಲ್ಟುಗಳನ್ನು ಬಿಚ್ಚಿದರೆ ಅದು ಕಳಚಿ ಬರುತ್ತದೆ. ಅದನ್ನು ರಬ್ಬರ್ ಕೊಳವೆಯಲ್ಲಿ ನೇತಾಡಲು ಬಿಡದೆ ತಂತಿಯಿಂದ ಮೇಲಕ್ಕೆ ಕಟ್ಟಿಡಿ.

ಪಿನ್ನುಗಳನ್ನು ಒರಸಿ, ಬ್ರೇಕಿಗೆಂದೇ ಇರುವ ಸಿಲಿಕೋನ್ ಗ್ರೀಸ್ ಹಚ್ಚಿ. ಸಾಧಾರಣ ಗ್ರೀಸಿಗೆ ರಬ್ಬರ್ ಉಬ್ಬುತ್ತದೆ. ಪ್ಯಾಡಿನ ದಪ್ಪ 3 ಮಿಲಿಮೀಟರಿಗೆ ಇಳಿದಿದ್ದರೆ ಎರಡೂ ಚಕ್ರಗಳ ಪ್ಯಾಡುಗಳನ್ನು ಒಟ್ಟಿಗೆ ಬದಲಿಸಿ. ಹೊಸ ಪ್ಯಾಡಿಗಾಗಿ ಪಿಸ್ಟನ್ನನ್ನು ಹಿಂದಕ್ಕೆ ಒತ್ತುವಾಗ ಬ್ರೇಕ್ ಆಯಿಲ್ ಡಬ್ಬಿಯಿಂದ ಉಕ್ಕದಂತೆ ನೋಡಿಕೊಳ್ಳಿ. ಅದು ಬಣ್ಣವನ್ನು ತಿನ್ನುತ್ತದೆ.

ಪಿಸ್ಟನ್ ಸೋರುತ್ತಿದ್ದರೆ ಕ್ಯಾಲಿಪರನ್ನೇ ಬದಲಿಸುವುದು ಲೇಸು. ಆಗ ಕೊಳವೆಯನ್ನು ಬಿಚ್ಚಬೇಕಾಗುತ್ತದೆ. ಕೂಡಿಸುವಾಗ ಕೊಳವೆ ತಿರುಚಿರಬಾರದು, ತಾಮ್ರದ ವಾಷರುಗಳು ಹೊಸವೇ ಆಗಿರಬೇಕು. ಬೋಲ್ಟುಗಳ ಬಿಗಿತ ಗಾಡಿಯ ಕೈಪಿಡಿಯಲ್ಲಿ ಕೊಟ್ಟಷ್ಟೇ ಇರಲಿ.

ಇಲ್ಲಿ ನಾವೇ ಮಾಡಿದ ತಪ್ಪೊಂದನ್ನು ಹೇಳಬೇಕು. ಕೆಲವು ವರ್ಷಗಳ ಹಿಂದೆ ಎರಡೂ ಕ್ಯಾಲಿಪರುಗಳನ್ನು ಒಟ್ಟಿಗೆ ಬಿಚ್ಚಿ ತೊಳೆದು, ಎಡದ್ದನ್ನು ಬಲಕ್ಕೂ ಬಲದ್ದನ್ನು ಎಡಕ್ಕೂ ಕೂಡಿಸಿದ್ದೆವು. ಬೋಲ್ಟುಗಳು ತಕರಾರಿಲ್ಲದೆ ಕೂತವು. ಆದರೆ ಗಾಳಿ ತೆಗೆಯುವ ನಿಪ್ಪಲ್ ಕೆಳಗಾಗಿತ್ತು. ಗಾಳಿ ಮೇಲೆ ನಿಲ್ಲುವ ವಸ್ತು. ಡಬ್ಬಿ ಆಯಿಲ್ ಖರ್ಚಾದರೂ ಅದು ಹೊರಬರಲಿಲ್ಲ. ಪೆಡಲ್ ಮೆತ್ತಗಿದ್ದರೂ ಉದಾಸೀನ ಮಾಡಿ ಗಾಡಿ ಹೊರಡಿಸಿದೆವು. ಕಣದ ಅಂಚಿನಲ್ಲಿ ಪೆಡಲ್ ನೆಲ ಮುಟ್ಟಿತು, ಹ್ಯಾಂಡ್‌ಬ್ರೇಕ್ ನಮ್ಮನ್ನು ಉಳಿಸಿತು. ಕಣದಾಚೆ ಇದ್ದುದು ಕೆರೆ. ಆದುದರಿಂದ ಒಂದೊಂದೇ ಪಕ್ಕ ಬಿಚ್ಚಿ. ನಿಪ್ಪಲ್ ಯಾವಾಗಲೂ ಮೇಲಿರಲಿ.

ಗಾಳಿ ತೆಗೆಯಲು ಇಬ್ಬರು ಬೇಕು. ನಿಪ್ಪಲಿಗೆ ಕೊಳವೆ ಸಿಕ್ಕಿಸಿ, ಅದರ ತುದಿ ಸೀಸೆಯ ಆಯಿಲಿನಲ್ಲಿ ಮುಳುಗಿರಲಿ. ಒಬ್ಬರು ಪೆಡಲ್ ಒತ್ತಿ ಹಿಡಿದಾಗ ಇನ್ನೊಬ್ಬರು ನಿಪ್ಪಲ್ ತೆರೆದು, ಪೆಡಲ್ ಬಿಡುವ ಮೊದಲೇ ಮುಚ್ಚಬೇಕು. ಗುಳ್ಳೆ ನಿಲ್ಲುವ ತನಕ ಹೀಗೆ ಮಾಡಿ. ಮೇಲಿನ ಡಬ್ಬಿ ಬರಿದಾಗಬಾರದು. ಎಬಿಎಸ್ ಇರುವ ಕೆಲವು ಗಾಡಿಗಳಿಗೆ ಯಂತ್ರ ಬೇಕಾಗುವುದರಿಂದ ಆ ಕೆಲಸವನ್ನು ಗ್ಯಾರೇಜಿಗೆ ಬಿಡಿ.

ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 3 ದರ್ಜೆಯ ಹೊಸ ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದೆಂಬ ನಿಯಮವಿದೆ. ತೇವ ಹೀರಿದ ಮೇಲೆ ಆ ಮಿತಿ 140. ಡಾಟ್ 4ಕ್ಕೆ ಇವು 230 ಮತ್ತು 155. ಘಾಟಿ ಇಳಿಯುವಾಗ ಸತತವಾಗಿ ಬ್ರೇಕ್ ಒತ್ತಿದರೆ ಆಯಿಲ್ ಕುದಿದು ಆವಿಯಾಗಿ ಪೆಡಲ್ ಕುಸಿಯುತ್ತದೆ. ನಮ್ಮ ಮಳೆನಾಡಿನಲ್ಲಿ ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸುವುದು ಒಳ್ಳೆಯದು. ಮಳೆಗಾಲವೆಲ್ಲ ಗೋದಾಮಿನಲ್ಲಿ ತೆರೆದಿದ್ದ ಡಬ್ಬಿಯನ್ನು ಉಪಯೋಗಿಸಬೇಡಿ. ಇಳಿಜಾರಿನಲ್ಲಿ ಕೆಳಗಿನ ಗೇರಿನಲ್ಲೇ ಇಳಿಯಿರಿ.

ಕೊನೆಯದಾಗಿ, ಗಾಡಿ ಚಾಲೂ ಮಾಡುವ ಮೊದಲು ಪೆಡಲನ್ನು ಗಟ್ಟಿಯಾಗುವ ತನಕ ಒತ್ತಿ. ಹಿಂದಕ್ಕೆ ಸರಿದ ಪಿಸ್ಟನ್ ಮುಂದೆ ಬರುವ ತನಕ ಮೊದಲ ಒತ್ತಿಗೆ ಬ್ರೇಕ್ ಇರುವುದಿಲ್ಲ. ಚಕ್ರದ ನಟ್ಟು ಬಿಗಿದು, ಅಂಗಳದಲ್ಲಿ ನಡಿಗೆಯ ವೇಗದಲ್ಲಿ ಪರೀಕ್ಷಿಸಿ. ಪೆಡಲ್ ಮೆತ್ತಗಿದ್ದರೆ ಗೇಟು ದಾಟಬೇಡಿ. ಅರ್ಧ ದಿನದ ಕೊಯ್ಲು ನಿಂತರೆ ನಾಳೆ ಕೊಯ್ಯಬಹುದು. ಜೀಪಿನಲ್ಲಿ ಕೂರುವವರು ನಮ್ಮ ಕೆಲಸದವರು, ನಮ್ಮ ಮಕ್ಕಳು.