ಊಟವಿಲ್ಲದ ಪಥ್ಯ

ಹೊಟ್ಟೆ ಕೆಟ್ಟಾಗ ಲಂಘನವೇ ಪರಮೌಷಧವೆಂದು ನಮ್ಮ ಹಿರಿಯರು ಹೇಳುವುದುಂಟು. ಕ್ರೋನ್ ರೋಗವುಳ್ಳ ಮಕ್ಕಳಿಗೆ ವೈದ್ಯರು ವಿಧಿಸುವ ಒಂದು ಪಥ್ಯವು ಮೇಲ್ನೋಟಕ್ಕೆ ಲಂಘನದಂತೆಯೇ ತೋರುವುದು. ಆರರಿಂದ ಎಂಟು ವಾರಗಳವರೆಗೆ ಮಗುವು ಅನ್ನ, ರೊಟ್ಟಿ, ಹಣ್ಣುಗಳಾವುದನ್ನೂ ಮುಟ್ಟುವಂತಿಲ್ಲ. ಆದರೆ ಇದು ಉಪವಾಸವಲ್ಲ. ದೇಹಕ್ಕೆ ಅವಶ್ಯವಾದ ಸಸಾರಜನಕ, ಶರ್ಕರಪಿಷ್ಟ, ಕೊಬ್ಬು, ಜೀವಸತ್ತ್ವ, ಲವಣಗಳೆಲ್ಲವೂ ಒಂದು ಪಾನೀಯದ ಮೂಲಕವೇ ದೊರೆಯುತ್ತವೆ.

ಈ ರೋಗವನ್ನು 1932ರಲ್ಲಿ ನ್ಯೂಯಾರ್ಕಿನ ಮೌಂಟ್ ಸೈನಾಯ್ ಆಸ್ಪತ್ರೆಯ ಕ್ರೋನ್, ಗಿನ್ಸ್‌ಬರ್ಗ್, ಆಪನ್‌ಹೈಮರ್ ಎಂಬ ಮೂವರು ವೈದ್ಯರು ವರ್ಣಿಸಿದರು. ಲೇಖನದಲ್ಲಿ ಹೆಸರುಗಳು ಅಕ್ಷರಾನುಕ್ರಮವಾಗಿದ್ದುದರಿಂದ ಕೀರ್ತಿಯೆಲ್ಲವೂ ಮೊದಲನೆಯವರಿಗೇ ಸಂದಿತು! ಸಣ್ಣ ಕರುಳಿನ ಕೊನೆಯ ಭಾಗದಲ್ಲಿ ಹೆಚ್ಚಾಗಿ ಉರಿಯೂತವೂ ಹುಣ್ಣೂ ಉಂಟಾಗಿ, ಹೊಟ್ಟೆನೋವು, ಭೇದಿ, ಕೃಶತೆಗಳು ವರ್ಷಗಟ್ಟಲೆ ಕಾಡುತ್ತವೆ. ಎಳೆಯರಲ್ಲಿ ಬೆಳವಣಿಗೆಯೇ ಕುಂಠಿತವಾಗುವುದು. ಸ್ಟೀರಾಯ್ಡ್ ಔಷಧಿಗಳು ಉರಿಯನ್ನು ಅಡಗಿಸುವುದೇನೋ ನಿಜ. ಆದರೆ ಅವೂ ಬೆಳವಣಿಗೆಗೆ ಅಡ್ಡಿಯೇ. ಪಥ್ಯಕ್ಕೆ ಇಲ್ಲಿ ಇಷ್ಟು ಬೆಲೆ ಬಂದಿರುವುದು ಈ ಇಕ್ಕಟ್ಟಿನಿಂದ.

ಇದರ ಮೂಲ ಮಾತ್ರ ವಿಚಿತ್ರವಾದುದು. 1960ರ ದಶಕದಲ್ಲಿ ಅಮೆರಿಕದ ವಿಜ್ಞಾನಿಗಳು ಅಂತರಿಕ್ಷಯಾನಿಗಳಿಗೆಂದು ಅಮೈನೋ ಆಮ್ಲ, ಗ್ಲೂಕೋಸ್ ಮೊದಲಾದ ಶುದ್ಧ ರಾಸಾಯನಿಕಗಳಿಂದಲೇ ಆಹಾರವನ್ನು ರಚಿಸಿದರು. ಕರುಳಿನಲ್ಲಿ ಬಹು ಸ್ವಲ್ಪ ಮಲವನ್ನುಳಿಸುವ ಇಂಥ ಆಹಾರವು ಆಸ್ಪತ್ರೆಗಳನ್ನೂ ಹೊಕ್ಕಿತು. ಕ್ರೋನ್ ರೋಗಿಗಳ ಪುಷ್ಟಿಗೆಂದು ಕೊಟ್ಟಾಗ ಅವರ ಕರುಳಿನ ಉರಿಯೂ ಇಳಿದುದು ಕಂಡುಬಂದಿತು. 1984ರಲ್ಲಿ ಇಂಗ್ಲೆಂಡಿನಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ 21 ರೋಗಿಗಳ ಪೈಕಿ ಕೆಲವರಿಗೆ ಪ್ರೆಡ್ನಿಸೊಲೋನ್ ಔಷಧಿಯನ್ನೂ ಉಳಿದವರಿಗೆ ನಾಲ್ಕು ವಾರ ಈ ಆಹಾರವನ್ನೂ ಕೊಡಲಾಯಿತು. ಆಹಾರವು ಔಷಧಿಗೆ ಸರಿದೊರೆಯಾಯಿತು.

ಮುಂದೆ ನಡೆದ ಹೋಲಿಕೆಗಳಲ್ಲಿ ವಯಸ್ಕರ ಮಟ್ಟಿಗೆ ಸ್ಟೀರಾಯ್ಡೇ ಮೇಲೆನಿಸಿತು. ರುಚಿಗೆಟ್ಟು ಪಥ್ಯವನ್ನು ನಡುವೆಯೇ ಬಿಟ್ಟವರು ಅನೇಕರು! ಮಕ್ಕಳಲ್ಲಿಯಾದರೋ ಹತ್ತರಲ್ಲಿ ಏಳೆಂಟು ಮಂದಿಗೆ ಗುಣ ಕಾಣುವುದು. ಅಮೈನೋ ಆಮ್ಲಗಳೇ ಆಗಬೇಕೆಂದೂ ಇಲ್ಲ. ಹಾಲಿನ ಸಸಾರಜನಕದಿಂದ ಮಾಡಿದ ಪಾನೀಯವೂ ಅಷ್ಟೇ ಫಲ ಕೊಡುವುದು. ಹಾಗಾದರೆ ಗುಣವು ಪಾನೀಯದ್ದೋ, ಬಿಟ್ಟ ಊಟದ್ದೋ?

2019ರಲ್ಲಿ ಪ್ರಕಟವಾದ ಪರೀಕ್ಷೆಯೊಂದು ಈ ಪ್ರಶ್ನೆಯನ್ನು ಕೆಣಕಿತು. ಇಸ್ರೇಲ್ ಮತ್ತು ಕೆನಡಾಗಳ ವೈದ್ಯರು ಕೆಲವು ಮಕ್ಕಳಿಗೆ ಅರ್ಧ ಪಾನೀಯದೊಂದಿಗೆ ಅಕ್ಕಿ, ಆಲೂಗಡ್ಡೆ, ಬಾಳೆಹಣ್ಣು, ಮೊಟ್ಟೆ, ಕೋಳಿಮಾಂಸಗಳನ್ನು ಕೊಟ್ಟು, ಗೋಧಿ, ಹಾಲು, ಕಾರ್ಖಾನೆಯ ಸಿದ್ಧ ತಿನಿಸುಗಳನ್ನು ವರ್ಜಿಸಿದರು. ಆರು ವಾರಗಳಲ್ಲಿ ಈ ಮಕ್ಕಳೂ ಬರಿಯ ಪಾನೀಯದವರಷ್ಟೇ ಚೇತರಿಸಿಕೊಂಡರು. ಪಥ್ಯವನ್ನು ಸಹಿಸಿದವರು ನೂರಕ್ಕೆ 97, ಬರಿಯ ಪಾನೀಯದವರಲ್ಲಿ 74.

ದೊಡ್ಡ ಕರುಳಿನ ಅಲ್ಸರೇಟಿವ್ ಕೊಲೈಟಿಸ್ ರೋಗಕ್ಕೆ ಈ ಪಾನೀಯವು ಮುಖ್ಯ ಚಿಕಿತ್ಸೆಯಲ್ಲ. ನಮ್ಮ ದೇಶದಲ್ಲಿ ಇನ್ನೊಂದು ತೊಡಕೂ ಉಂಟು: ಕರುಳಿನ ಕ್ಷಯವು ಕ್ರೋನ್ ರೋಗದಂತೆಯೇ ತೋರುವುದರಿಂದ, ಪಥ್ಯವನ್ನು ಆರಂಭಿಸುವ ಮುನ್ನ ವೈದ್ಯರು ಕರುಳಿನ ಚೂರನ್ನು ತೆಗೆದು ಪರೀಕ್ಷಿಸುವರು.